ರಾಜ್ಯ ಬರೋ ವರ್ಷ ನಾವು ನೆಟ್ಟ ಗದ್ದೆ

ಅಲ್ಲಲ್ಲ, ಮೊದಲನೇ ಕೊರೊನಾ ವರ್ಷ ಅಲ್ಲ, ಎರಡನೇದು. ಮೊದಲನೇ ವರ್ಷ ನಾವು ಚೆನ್ನಾಗೇ ಇದ್ವಿ, ನಾಟಿ ಮಾಡಿದ್ವಿ, ಕೊಯ್ದ್ವಿ, ಕ್ರಿಸ್ಮಸ್ಸಿಗೆ ಕಜ್ಜಾಯ ಸುಟ್ಟಿದ್ದೆ, ನಿನ್ನ ತಮ್ಮ ಒಂಬತ್ತು ತಿಂದು ಹೊಟ್ಟೆ ಹಿಡ್ಕೊಂಡು ಅತ್ತಿದ್ದ. ಕಷ್ಟ ಬಂದಿದ್ದು ಎರಡನೇದ್ರಲ್ಲಿ. ನಿಮ್ಮಪ್ಪ ಶಿಕಾರಿಪುರದಲ್ಲಿ ಸ್ಕೂಲ್ ವ್ಯಾನ್ ಓಡಿಸ್ತಿದ್ದ, ಎರಡನೇ ವರ್ಷನೂ ಸ್ಕೂಲೇ ಇಲ್ಲ ಅಂದ ಮೇಲೆ ವ್ಯಾನ್ ಎಲ್ಲಿಂದ ಬಂತು. ನೀವೆಲ್ಲಾ ಗಂಟುಮೂಟೆ ಕಟ್ಕೊಂಡು ಇಲ್ಲಿಗೇ ಬಂದ್ರಿ, ನೀನು ಕೆರೆ ಏರಿ ಮೇಲೆ ಕೊಡೆ ಹಿಡ್ಕೊಂಡು ಮೊಬೈಲಲ್ಲಿ ಪಾಠ ಕೇಳ್ತಿದ್ದೆ. ಮನೇಲಿ ಏಳು ಜನ, ಗದ್ದೆ ಮುಕ್ಕಾಲು ಎಕರೆ. ರೇಷನ್ ಡಿಪೋ ಅಕ್ಕಿ ಬರ್ತಿತ್ತು, ಬರ್ತಿರಲಿಲ್ಲ ಅಂತ ಹೇಳಿದ್ರೆ ನಾಲಿಗೆ ಬಿದ್ದು ಹೋದೀತು, ಆದ್ರೆ ಏಳು ಹೊಟ್ಟೆಗೆ ಅದು ತಿಂಗಳ ಕೊನೆ ಮುಟ್ಟುತ್ತಿರಲಿಲ್ಲ. ಆ ಮುಕ್ಕಾಲು ಎಕರೆ ನಮ್ಮ ಕೈ ಹಿಡೀಬೇಕಿತ್ತು. ಅಂಥ ವರ್ಷ ನಿಮ್ಮಜ್ಜ ನಾಟಿ ಮಾಡಲ್ಲ ಅಂತ ಕೂತ್ರು.

ಯಾಕೆ ಅಂದ್ರೆ, ಅದನ್ನ ಹೇಳ್ಬೇಕಾದ್ರೆ ನಿಮ್ಮ ಸಣ್ಣಜ್ಜನ ಸುದ್ದಿ ಹೇಳ್ಬೇಕು. ಸತ್ಯಪ್ಪ, ಇವರ ತಮ್ಮ, ಶಿಕಾರಿಪುರದಲ್ಲಿ ಟೈಲರ್. ಅಣ್ಣ ತಮ್ಮ ಅಂದ್ರೆ ಹಾಗಿದ್ರು ಮಾರಾಯ್ತಿ, ಇವರಿಗೆ ಅಂಗಿ ಬೇರೆ ಯಾರೂ ಹೊಲಿಯೋ ಹಾಗಿರಲಿಲ್ಲ. ಆ ಬೇಸಿಗೇಲಿ ಅವನಿಗೆ ಜ್ವರ ಬಂತು, ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ರು, ಆರು ದಿನಕ್ಕೆ ಹೋಗಿಬಿಟ್ಟ. ಮುಖ ನೋಡೋಕಾಗಲಿಲ್ಲ. ಆಸ್ಪತ್ರೆಯೋರದ್ದೇನೂ ತಪ್ಪಲ್ಲ, ಆಗ ಕಾನೂನೇ ಹಾಗಿತ್ತು. ಮಣ್ಣು ಮಾಡೋಕೆ ನಾಲ್ಕು ಜನ, ಸಭೆ ಅಯ್ಯನೋರು ದೂರದಿಂದ ಪ್ರಾರ್ಥನೆ ಮಾಡಿದ್ರಂತೆ, ಇವರನ್ನ ಪೊಲೀಸ್ನೋರು ಆನವಟ್ಟಿ ದಾಟಿ ಹೋಗೋಕೂ ಬಿಡಲಿಲ್ಲ. ವಾಪಸ್ ಬಂದು ಈ ಜಗಲಿ ಮೇಲೆ ಕೂತೋರು ಅಳಲೂ ಇಲ್ಲ ಗೊತ್ತಾ. ಅತ್ತಿದ್ರೆ ಚೆನ್ನಾಗಿತ್ತು.

ಆಮೇಲೆ ಫೋನ್ ಹಿಡ್ಕೊಂಡ್ರು. ಯಾರೋ ಒಬ್ಬ ಬೋಧಕ, ನಮ್ಮ ಸಭೆಯೋನಲ್ಲ, ಯಾವ ಊರೋ ಏನೋ, ಫೋನಲ್ಲೇ ಬೋಧನೆ ಮಾಡ್ತಿದ್ದ. ರೋಗ ಬಂತು, ಯುದ್ಧ ಬಂತು, ಗುರುತೆಲ್ಲಾ ಕೂಡಿ ಬಂತು, ದೇವರ ರಾಜ್ಯ ಬಾಗಿಲಲ್ಲಿದೆ, ಈ ಮಳೆಗಾಲದ ಬೆಳೆ ನೀವು ಕೊಯ್ಯೋದಿಲ್ಲ ಅಂತ. ಕೊಯ್ಲಿಗೆ ಮುಂಚಿನ ಒಂದು ಭಾನುವಾರನೂ ಹೇಳಿಬಿಟ್ಟ. ನಾನು ಅಂದೆ, ಅಲ್ಲರೀ, ಆ ದಿನ ದೇವರ ಮಗನಿಗೂ ಗೊತ್ತಿಲ್ಲ ಅಂತ ಸುವಾರ್ತೇಲೇ ಇದೆ, ಇವನಿಗೆ ಹೇಗೆ ಗೊತ್ತಾಯ್ತು? ಇವರು ಫೋನಿನ ಸದ್ದು ಇನ್ನಷ್ಟು ಜಾಸ್ತಿ ಮಾಡಿದ್ರು. ನನಗೆ ಆವತ್ತೇ ತಿಳೀಬೇಕಿತ್ತು. ಇವರಿಗೆ ಬೇಕಾಗಿದ್ದು ರಾಜ್ಯ ಅಲ್ಲ, ತಮ್ಮ. ರಾಜ್ಯ ಬಂದ್ರೆ ಸತ್ತೋರು ಏಳ್ತಾರಲ್ಲ, ಬೇಗ ಬಂದ್ರೆ ಬೇಗ ನೋಡಬಹುದು.

ಸರಿ, ಒಂದಿನ ಅಟ್ಟದ ಮೇಲೆ ನೋಡ್ತೀನಿ, ಬೇವಿನಸೊಪ್ಪು ಹಾಕಿ ಕಟ್ಟಿಟ್ಟಿದ್ದ ಬೀಜದ ಭತ್ತದ ಚೀಲ ಇಲ್ಲ. ಎಲ್ಲಿ ಅಂದ್ರೆ, ಮಿಲ್ಲಿಗೆ ಹಾಕಿಸಿ ಅಕ್ಕಿ ಮಾಡಿ ಕೊಟ್ಟುಬಂದೆ ಅಂದ್ರು. ಶುಂಠಿ ಕೆಲಸಕ್ಕೆ ಬಂದು ಲಾಕ್‌ಡೌನಲ್ಲಿ ಸಿಕ್ಕಿಹಾಕ್ಕೊಂಡಿದ್ರಲ್ಲ, ಕೆರೆ ಆಚೆ ಟಾರ್ಪಾಲು ಕಟ್ಕೊಂಡು, ಮಕ್ಕಳು ಮರಿ ಎಲ್ಲಾ, ಅವರಿಗೆ. ಈಗ ನಾನೇನು ಅನ್ನಲಿ ಹೇಳು? ಹಸಿದೋರಿಗೆ ಕೊಟ್ಟಿದ್ದಾರೆ. ಬೈದ್ರೆ ನನಗೇ ಪಾಪ. ಬೈಯ್ಯದೇ ಇದ್ರೆ ಗದ್ದೆ ಬೀಳು. ಒಳಗೆ ಹೋಗಿ ಪಾತ್ರೆ ಜೋರಾಗಿ ತೊಳೆದೆ, ಅಷ್ಟೇ.

ಆಮೇಲೆ ಯೋಚನೆ ಮಾಡ್ದೆ. ಇವರು ನೆಡದಿದ್ರೆ ನಾನು ನೆಡ್ತೀನಿ. ಅರವತ್ತಾರು ವರ್ಷ ನನಗಾಗ, ಮಂಡಿ ನೋವು ಬೇರೆ. ಸೀದಾ ಗೌರಕ್ಕನ ಮನೆಗೆ ಹೋದೆ. ಗೌರಕ್ಕ ಅಂದ್ರೆ ಪಕ್ಕದ ಗದ್ದೆಯೋಳು, ಉಡುತಡಿಯಿಂದ ಮದುವೆಯಾಗಿ ಬಂದೋಳು, ನಲವತ್ತು ವರ್ಷ ಆದ್ರೂ ಆ ಕಡೆ ಮಾತು ಬಿಟ್ಟಿಲ್ಲ. ಆ ವರ್ಷ ಹೊರಗಿನ ಆಳು ಒಬ್ಬರೂ ಬರೋ ಹಾಗಿರಲಿಲ್ಲವಲ್ಲ, ಊರೋರೆಲ್ಲಾ ಸೇರಿ ಹಳೇ ಕಾಲದ ಮುಯ್ಯಾಳು ಪದ್ಧತಿ ಮತ್ತೆ ಶುರು ಮಾಡಿದ್ರು. ಮುಯ್ಯಾಳು ಅಂದ್ರೆ ನಾನು ನಿನ್ನ ಗದ್ದೇಲಿ ಒಂದು ದಿನ ಬಗ್ಗಿದ್ರೆ ನೀನು ನನ್ನ ಗದ್ದೇಲಿ ಒಂದು ದಿನ ಬಗ್ಗಬೇಕು. ದುಡ್ಡು ಕೊಟ್ಟು ತೀರ್ಸೋ ಹಾಗಿಲ್ಲ, ಬೆನ್ನೇ ಬಗ್ಗಬೇಕು. ಮುಂಗಾರು ಹಿಡಿದಾಗ ಎಲ್ಲಾ ಮನೆಯೋರೂ ಗುಂಪಿಗೆ ಸೇರಿದ್ರು, ನಮ್ಮ ಮನೆ ಬಿಟ್ಟು. ಗೌರಕ್ಕ ಮೊರದಲ್ಲಿ ಕಾಳು ಹಸನು ಮಾಡ್ತಾ, ತಲೆ ಎತ್ತದೇ ಹೇಳಿದ್ಲು, ಎಲ್ಲರ ಸರದಿ ಗೊತ್ತುಮಾಡಿ ಆಗೇತಿ ಸುಗುಣಾ, ನಿಮ್ಮದು ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ ಅಂತ. ಕೊನೇಗೆ ಹಾಕ್ಕೋ ಅಕ್ಕಾ ಅಂದೆ. ಎಂಟು ಜನ ಬೇಕು ನಮ್ಮ ಗದ್ದೆಗೆ, ಎಂಟು ದಿನ ಕೊಡ್ತೀನಿ. ಸಸಿ ಎಲ್ಲೈತಿ ಅಂದ್ಲು. ಇಲ್ಲ ಅಂದೆ. ಹೇಳೋಕೆ ನಾಚಿಕೆ ಆಯ್ತು, ಆದ್ರೂ ಹೇಳ್ದೆ. ನಮ್ಮ ಕಡೆ ಒಂದು ರೂಢಿ ಇದೆ ನೋಡು, ನಾಟಿ ಆಗಿ ಮಿಕ್ಕ ಸಸಿ ಮಾರಬಾರದು, ಕೇಳಿದೋರಿಗೆ ಇಲ್ಲ ಅನ್ನಬಾರದು. ಅದನ್ನ ನಂಬ್ಕೊಂಡು ಹೋಗಿದ್ದೆ. ಅವಳು ಮೊರ ಕೆಳಗಿಟ್ಟು, ನಾಳೆ ನಮ್ಮ ಗದ್ದಿಗೆ ಬಾ, ಹೊತ್ತು ಏರೋಕೆ ಮುಂಚೆ ಬಾ ಅಂದ್ಲು.

ಹೋದೆ. ನಾಟಿ ಅಂದ್ರೆ ನಿಮಗೆ ಗೊತ್ತಿಲ್ಲ, ಕೆಸರು ಮೊಳಕಾಲು ತನಕ, ಬಗ್ಗಿದ್ರೆ ಬಗ್ಗಿದ ಹಾಗೇ, ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಇರ್ಬೇಕು. ಪಕ್ಕದಲ್ಲಿ ಲತಾ ಅಂತ, ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಕೈ ಅಂದ್ರೆ ಹೊಲಿಗೆ ಮಷೀನು. ನಾನು ಒಂದು ಸಾಲು ಮುಗಿಸೋ ಹೊತ್ತಿಗೆ ಅವಳದು ಮೂರು. ಎರಡನೇ ದಿನ ತಡೀಲಿಲ್ಲ ಅವಳಿಗೆ. ನನ್ನ ಕಡೆ ನೋಡದೇ ಗೌರಕ್ಕನಿಗೆ ಹೇಳಿದ್ಲು, ಅಲ್ಲ ಅಕ್ಕಾ, ಇವರದ್ದೂ ಒಂದು ದಿನ, ನನ್ನದೂ ಒಂದು ದಿನ, ಇದ್ಯಾವ ನ್ಯಾಯ? ನನಗೆ ಕೆಸರಲ್ಲೇ ಮುಳುಗಿ ಹೋಗೋಣ ಅನ್ನಿಸ್ತು, ಯಾಕೆ ಅಂದ್ರೆ ಅವಳು ಹೇಳಿದ್ದು ನಿಜ. ಗೌರಕ್ಕ ಸೊಂಟದ ಮೇಲೆ ಕೈ ಇಟ್ಕೊಂಡು ನೆಟ್ಟಗೆ ನಿಂತ್ಲು.

“ದಿನಕ್ಕೆ ದಿನ. ಸಾಲು ಎಣಿಸಿದ್ರೆ ಅದು ಕೂಲಿ ಆಕ್ಕತಿ ತಂಗಿ, ಮುಯ್ಯಿ ಅಲ್ಲ. ನಾಳೆ ನೀನು ಬಸುರಿ ಆಗಿ ಬಂದ್ರೂ ದಿನಕ್ಕೆ ದಿನಾನೇ.”

ಹೆಂಗಸ್ರು ನಕ್ರು, ಲತಾನೂ ನಕ್ಕಳು, ಕೆಂಪಾಗಿ. ನಾನು ನಗಲಿಲ್ಲ. ನನಗೆ ಏನೋ ಆಗಿಹೋಯ್ತು. ದ್ರಾಕ್ಷಿ ತೋಟದ ಯಜಮಾನನ ಕತೆ ಇದೆಯಲ್ಲ, ಬೆಳಿಗ್ಗೆ ಬಂದೋರಿಗೂ ಸಂಜೆ ಬಂದೋರಿಗೂ ಒಂದೇ ಸಮ ಕೂಲಿ ಕೊಟ್ಟೋನು, ಪರಲೋಕರಾಜ್ಯ ಹಾಗಿದೆ ಅಂತ ಕರ್ತನು ಹೇಳಿದ್ದು. ಐವತ್ತು ವರ್ಷ ಕೇಳಿದ್ದೀನಿ ಆ ಕತೆ, ನೂರು ಸಲ ಕೇಳಿರಬಹುದು, ಪ್ರತಿ ಸಲನೂ ಬೆಳಿಗ್ಗೆ ಬಂದೋರ ಕಡೆ ನಿಂತು ಇದೆಂಥ ಯಜಮಾನ ಅಂತ ಒಳಗೊಳಗೇ ಅಂದ್ಕೋತಿದ್ದೆ. ಆವತ್ತು ನಾನು ಸಂಜೆ ಬಂದೋಳು. ವಿಭೂತಿ ಹಚ್ಚಿದ ಗೌರಕ್ಕ, ಒಂದು ದಿನ ಇಗರ್ಜಿ ಮೆಟ್ಟಿಲು ಹತ್ತಿದೋಳಲ್ಲ, ಅವಳ ಬಾಯಿಂದ ಕೇಳಿದೆ. ಇವರು ಜಗಲಿ ಮೇಲೆ ಕೂತು ಆಕಾಶ ನೋಡ್ತಿದ್ದಾರಲ್ಲ, ಆ ರಾಜ್ಯ ಇಲ್ಲಿ ಕೆಸರಲ್ಲಿ ಬಂದು ನಿಂತಿದೆಯಲ್ಲಪ್ಪಾ ಅನ್ನಿಸ್ತು. ಮನೆಗೆ ಹೋಗಿ ಹೇಳ್ದೆ. ಇವರು ಹೂಂ ಅಂದ್ರು, ಹೂಂ ಅಂದ್ರೆ ಕೇಳಿಸ್ಕೊಂಡಿಲ್ಲ ಅಂತ. ಇನ್ನೊಂದು ಬಾಣ ಬಿಟ್ಟೆ. ರಾಜ್ಯ ಬಂದಾಗ ಹೊಲದಲ್ಲಿ ಇಬ್ಬರಿರ್ತಾರೆ, ಒಬ್ಬನ್ನ ಕರ್ಕೊಂಡು ಹೋಗ್ತಾರೆ ಅಂತ ಇದೆಯಲ್ಲರೀ, ಹೊಲದಲ್ಲಿ ಅಂತಿದೆ, ಜಗಲಿ ಮೇಲೆ ಅಂತ ಎಲ್ಲೂ ಇಲ್ಲ ಅಂದೆ. ತಮಾಷೆ ಮಾಡಬೇಡ ಅಂತ ಫೋನ್ ಕಿವಿಗೆ ಹಿಡ್ಕೊಂಡ್ರು.

ಐದು ದಿನ ಕೊಟ್ಟೆ. ಆರನೇ ದಿನ ಬೆಳಿಗ್ಗೆ ಚಾಪೆಯಿಂದ ಏಳೋಕಾಗಲಿಲ್ಲ. ಸೊಂಟ ಹಿಡ್ಕೊಂಡು ಬಿಟ್ಟಿತ್ತು, ಬೀಗ ಹಾಕಿದ ಹಾಗೆ. ಇನ್ನೂ ಮೂರು ದಿನ ಬಾಕಿ. ಸಸಿ ಕಾಯಲ್ಲ ನೋಡು, ಬಲಿತು ಹೋದ್ರೆ ನೆಟ್ಟೂ ದಂಡ. ನಿಮ್ಮಮ್ಮ ನಾನು ಹೋಗ್ತೀನಿ ಅಂದ್ಲು, ಅವಳ ಕಂಕುಳಲ್ಲಿ ಆಗ ಎಂಟು ತಿಂಗಳ ಪಾಪು, ನಿಮ್ಮಪ್ಪ ಟಿಲ್ಲರ್ ಹಿಡ್ಕೊಂಡು ನಮ್ಮ ಗದ್ದೇಲೇ ಕೆಸರು ಹೊಡೀತಿದ್ದ. ಗೋಡೆ ಹಿಡ್ಕೊಂಡು ಎದ್ದೆ. ಬಾಗಿಲ ಪಟ್ಟಿ ಹಿಡ್ಕೊಂಡೆ. ಜಗಲಿ ಕಂಬ ಹಿಡ್ಕೊಂಡೆ. ಇವರು ನೋಡ್ತಿದ್ರು. ಈ ಸ್ಥಿತೀಲಿ ಎಲ್ಲಿಗೆ ಹೋಗ್ತೀಯಾ, ಇದೆಲ್ಲಾ ಯಾಕೆ ಬೇಕು, ಇನ್ನೇನು ಸತ್ಯಪ್ಪ ಬರ್ತಾನೆ, ಎಲ್ಲಾ ಸರಿಹೋಗುತ್ತೆ ಅಂದ್ರು. ಅಷ್ಟು ದಿನದಲ್ಲಿ ತಮ್ಮನ ಹೆಸರು ಬಾಯಲ್ಲಿ ಬಂದಿದ್ದು ಅದೇ ಮೊದಲು. ನಾನು ಕಂಬ ಬಿಡಲಿಲ್ಲ, ಬಿಟ್ರೆ ಬೀಳ್ತಿದ್ದೆ.

“ಬರ್ಲಿ. ನಾನೂ ದಾರಿ ನೋಡ್ತಿದ್ದೀನಿ. ಬಂದೋನಿಗೆ ಏನು ಬಡಿಸ್ತೀರಿ?”

“ಅಲ್ಲಿ ಹಸಿವು ಇರಲ್ಲ ಸುಗುಣಾ.”

“ಯಾರು ಹೇಳಿದ್ದು? ಸತ್ತು ಎದ್ದು ಬಂದ ಕರ್ತನೇ ಶಿಷ್ಯರ ಹತ್ರ ತಿನ್ನೋಕೆ ಏನಿದೆ ಅಂತ ಕೇಳಿದ, ಸುಟ್ಟ ಮೀನು ಕೊಟ್ರು, ಅವರ ಎದುರೇ ತಿಂದ. ನಿಮ್ಮ ತಮ್ಮ ಕೇಳಲ್ವಾ? ಡಿಪೋ ಅಕ್ಕಿ ಅನ್ನ ಮುಟ್ಟುತ್ತಿರಲಿಲ್ಲ ಅವನು. ನಮ್ಮ ಗದ್ದೆ ಅನ್ನಕ್ಕೆ ಅಂತ ಶಿಕಾರಿಪುರದಿಂದ ಬಸ್ಸು ಹತ್ತಿ ಬರ್ತಿದ್ದ. ಅಣ್ಣಾ, ಗದ್ದೆ ಏನಾಯ್ತು ಅಂದ್ರೆ ಏನು ಹೇಳ್ತೀರಿ, ಬೀಳು ಬಿಟ್ಟೆ ಅಂತೀರಾ?”

ಅಷ್ಟು ಹೇಳಿ ಇಳಿದು ಹೋದೆ. ಹೋದೆ ಏನು, ತೆವಳಿದೆ ಅನ್ನು. ಕೆರೆ ತೂಬಿನ ಹತ್ರ ಹೋಗಿದ್ದೆ, ಹಿಂದೆ ಯಾರೋ ಮೂಗು ಸೀಟಿದ ಹಾಗಾಯ್ತು. ನಿಮ್ಮಜ್ಜ. ಲುಂಗಿ ಎತ್ತಿ ಕಟ್ಟಿದ್ರು, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮುಖ ಎಲ್ಲಾ ಒದ್ದೆ. ಎರಡು ತಿಂಗಳ ಅಳು ತೂಬಿನ ಹತ್ರ ಅತ್ತಿದ್ರು. ನೀನು ಮನೆಗೆ ಹೋಗು, ಉಳಿದ ಮೂರು ದಿನ ನಾನು ಕೊಡ್ತೀನಿ ಅಂದ್ರು.

ನಾನು ಮನೆಗೆ ಹೋಗ್ತೀನಾ? ಬದುವಿನ ಮೇಲೆ ಕೂತೆ, ನೋಡ್ಲೇಬೇಕಿತ್ತು ಅದನ್ನ. ನಮ್ಮ ಕಡೆ ಗಂಡಸ್ರು ಸಸಿ ಕಿತ್ತು ಕೊಡ್ತಾರೆ, ಕಟ್ಟು ಹೊತ್ತು ಎಸೀತಾರೆ, ಸಾಲಲ್ಲಿ ನಿಂತು ನೆಡೋದು ಹೆಂಗಸ್ರೇ. ನನ್ನ ದಿನಕ್ಕೆ ಬಂದ್ರಲ್ಲ, ಹೆಂಗಸರ ಸಾಲಲ್ಲೇ ನಿಲ್ಲಬೇಕಾಯ್ತು. ಅಯ್ಯೋ ಆ ಸಾಲು ನೋಡಬೇಕಿತ್ತು ನೀವು, ಹಾವು ಹರಿದ ಹಾಗೆ. ಅವತ್ತು ಲತಾಳ ಗದ್ದೇನೇ. ಅವಳು ಬಿಡ್ತಾಳಾ, ದೊಡ್ಡಪ್ಪಾ, ನಿಮ್ಮ ರಾಜ ಯಾವ ಬಸ್ಸಿಗೆ ಬರ್ತಾನೆ, ಬೆಳಿಗ್ಗೆದಕ್ಕಾ ಸಂಜೆದಕ್ಕಾ ಅಂದ್ಲು. ಇವರು ಬಗ್ಗಿದ ಹಾಗೇ ಇದ್ದು, ಮೂರು ದಿನ ಬಿಟ್ಟು ಬರೋಕೆ ಹೇಳಿದ್ದೀನಮ್ಮ, ನಿಮ್ಮ ಮುಯ್ಯಿ ಇದೆಯಲ್ಲ ಅಂದ್ರು. ಗದ್ದೆಗೆ ಗದ್ದೆಯೇ ನಕ್ಕಿತು. ಇವರೂ ನಕ್ರು. ಸಂಜೆ ಗೌರಕ್ಕ ಆ ಸೊಟ್ಟ ಸಾಲು ನೋಡಿ, ಸುಗುಣಂದು ಆರು ದಿನ ಆತು ಅಂದ್ಲು.

ನಮ್ಮ ಗದ್ದೆ ಒಂದೇ ದಿನದಲ್ಲಿ ಮುಗೀತು. ಎಂಟು ಜನ ಅಂದಿದ್ದು, ಒಂಬತ್ತು ಬಂದ್ರು. ನಾಲ್ಕು ಮನೆಯ ಮಿಕ್ಕ ಸಸಿ, ನಾಲ್ಕು ಥರದ ಭತ್ತ, ಬೆಳೆದಾಗ ಒಂದು ಕಡೆ ಕಡು ಹಸಿರು, ಒಂದು ಕಡೆ ತಿಳಿ, ಒಂದು ಮೂಲೆ ಎಲ್ಲಕ್ಕಿಂತ ಮುಂಚೆ ಹಳದಿ. ಕೌದಿ ಹಾಸಿದ ಹಾಗೆ. ದಾರೀಲಿ ಹೋಗೋರು ಬೈಕ್ ನಿಲ್ಲಿಸಿ ನಗ್ತಿದ್ರು, ನಗ್ಲಿ ಬಿಡು, ಅನ್ನ ಎಲ್ಲಾ ಒಂದೇ ಬಣ್ಣ.

ಆ ಬೋಧಕ ಹೇಳಿದ್ದ ಭಾನುವಾರ ಬಂತು. ಇವರು ಸ್ನಾನ ಮಾಡಿ, ತಮ್ಮ ಹೊಲಿದುಕೊಟ್ಟಿದ್ದ ಬಿಳಿ ಅಂಗಿ ಹಾಕ್ಕೊಂಡು ಇಲ್ಲೇ ಕೂತ್ರು. ನಾನೂ ಪಕ್ಕದಲ್ಲಿ ಹೋಗಿ ಕೂತೆ. ಯಾರಿಗೆ ಗೊತ್ತು, ಬಂದ್ರೂ ಬಂದೀತು. ಮಧ್ಯಾಹ್ನದ ತನಕ ಕೂತ್ವಿ. ಆಗ ಗದ್ದೆ ಕಡೆಯಿಂದ ಗಿಳಿ ಕೂಗೋದು ಕೇಳಿಸ್ತು, ಆ ಹಣ್ಣಾದ ಮೂಲೆಗೆ ಬಿದ್ದಿದ್ವು. ಇವರು ಎದ್ದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಹಳೇ ಡಬ್ಬ ಒಂದು ಕೈಗೆ ತಗೊಂಡು, ಬಡೀತಾ ಹೋದ್ರು. ಹೋಗ್ತಾ ಹೋಗ್ತಾ, ಅನ್ನಕ್ಕಿಡು, ಒಂದು ಹಿಡಿ ಜಾಸ್ತಿ ಹಾಕು ಅಂದ್ರು. ಈಗ್ಲೂ ಹಾಗೇ ಹೇಳ್ತಾರೆ, ದಿನಾ ಹೇಳ್ತಾರೆ, ನಾನೂ ದಿನಾ ಹಾಕ್ತೀನಿ, ಉಳಿದಿದ್ದು ಯಾರಾದ್ರೂ ಉಣ್ತಾರೆ. ಅಷ್ಟೇ ಕಣ್ರೋ. ದೊಡ್ಡೋರು ಬರ್ತಾರೆ ಅಂದ್ರೆ ಬಾಗಿಲಲ್ಲಿ ಕೂತು ದಾರಿ ನೋಡಿದ್ರೆ ಸಾಲದು, ಒಲೆ ಹೊತ್ತಿಸ್ಬೇಕು. ಏಳಿ ಈಗ, ಕತ್ತಲಾಗೋ ಮುಂಚೆ ಕೋಳಿ ಮುಚ್ಚಬೇಕು.