ಹಿಂದಿನ ತೊಟ್ಟಿಯ ಮೀನು

ಮಾನ್ಯ ಅಧ್ಯಕ್ಷರೇ, ಮುಂದಿನ ಸಾಲಿನ ಅತಿಥಿಗಳೇ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರುವ ತಾಯಂದಿರೇ, ಗೋಡೆಗೊರಗಿ ನಿಂತಿರುವ ನನ್ನ ಪಂಪ್ ಮನೆಯ ಗೆಳೆಯರೇ, ಎಲ್ಲ ಸಭಿಕರೇ,

ನಮ್ಮ ಮತ್ಸ್ಯಾಲಯದ ಈ ವಾರ್ಷಿಕೋತ್ಸವದಲ್ಲಿ ಹೊಸ ತೊಟ್ಟಿಯ ಬಗ್ಗೆ ನಾಲ್ಕು ಮಾತಾಡು ಎಂದಿದ್ದಾರೆ. ತೊಟ್ಟಿ ತೊಳೆಯುವವನ ಕೈಗೆ ಮೈಕು ಯಾಕೆ ಎಂದು ನೀವು ಕೇಳಬಹುದು. ಎಲ್ಲಿಂದಲೋ ಬಂದವನು, ಬಾಯಿ ಜೋರು, ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಅಂಥವನನ್ನು ವೇದಿಕೆ ಹತ್ತಿಸಿದರೆ ಹೊತ್ತು ಹೋಗುತ್ತದೆ ಎಂದುಕೊಂಡಿರಬೇಕು.

ಈ ಪರದೆ ಮುಚ್ಚಿರುವ ಹೊಸ ತೊಟ್ಟಿಯಲ್ಲಿ ನದಿಯ ನೀರಿದೆ. ಅದರಲ್ಲಿ ಶಾರ್ಕ್ ಈಜುವುದನ್ನು ತೋರಿಸುತ್ತೇವೆ ಎಂದು ನಿಮ್ಮನ್ನು ಕರೆದಿದ್ದೇವೆ. ಸಿಹಿನೀರಿನಲ್ಲಿ ಶಾರ್ಕ್ ಬದುಕುತ್ತದೆಯೇ? ಹೆಚ್ಚಿನವು ಬದುಕುವುದಿಲ್ಲ. ಗೂಳಿ ಶಾರ್ಕ್ ಎಂಬುದೊಂದು ಬದುಕುತ್ತದೆ. ಹೇಗೆ?

ಸಮುದ್ರದ ಉಪ್ಪು ಮೈಯೊಳಗಿನ ನೀರನ್ನು ಎಳೆದುಕೊಳ್ಳಲು ಸದಾ ಹೊಂಚು ಹಾಕುತ್ತಿರುತ್ತದೆ. ಅದಕ್ಕೇ ಶಾರ್ಕ್, ನಾವು ನೀವು ಮೂತ್ರದಲ್ಲಿ ಬಿಟ್ಟುಬಿಡುವ ಯೂರಿಯಾವನ್ನು ರಕ್ತದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಾದ ಉಪ್ಪನ್ನು ಹೊರಗೆ ತಳ್ಳಲು ಕರುಳಿನ ತುದಿಯಲ್ಲಿ ಒಂದು ಗ್ರಂಥಿ. ನದಿಗೆ ಬಂದರೆ ಎಲ್ಲವೂ ತಲೆಕೆಳಗು, ಈಗ ನೀರೇ ಮೈಯೊಳಕ್ಕೆ ನುಗ್ಗುತ್ತದೆ. ಗೂಳಿ ಶಾರ್ಕ್ ಯೂರಿಯಾ ಇಳಿಸುತ್ತದೆ, ಗ್ರಂಥಿಯ ಕೆಲಸ ಕಡಿಮೆ ಮಾಡುತ್ತದೆ, ಮೂತ್ರಪಿಂಡವನ್ನು ಹಗಲೂ ರಾತ್ರಿ ದುಡಿಸುತ್ತದೆ. ನದಿಗೂ ಸಮುದ್ರಕ್ಕೂ ಓಡಾಡುವ ಸಾಲ್ಮನ್ ಮೀನೂ ಹೀಗೇ, ಅದರ ಕಿವಿರು ಸಮುದ್ರದಲ್ಲಿ ಉಪ್ಪನ್ನು ಹೊರಹಾಕುತ್ತದೆ, ನದಿಯಲ್ಲಿ ಒಳಗೆಳೆಯುತ್ತದೆ. ಈ ಊರಿನ ನೀರು ಕುಡಿದ ಮೊದಲ ವಾರ ನನ್ನ ಹೊಟ್ಟೆ ಏನು ಮಾಡಿತು ಎಂಬುದು ಬೇಡ, ಮಕ್ಕಳಿದ್ದಾರೆ.

ಆದರೆ ಇದಕ್ಕೆಲ್ಲ ಸಮಯ ಬೇಕು, ಸಭಿಕರೇ. ದಿನಕ್ಕೆ ಇಷ್ಟಿಷ್ಟೇ ಉಪ್ಪು ಇಳಿಸುತ್ತಾ ಬರಬೇಕು. ನಾವು ತಂದಿದ್ದ ಗೂಳಿ ಶಾರ್ಕಿಗೂ ಹಾಗೇ ಇಳಿಸುತ್ತಾ ಬಂದಿದ್ದೆವು. ಇವತ್ತು ಬೆಳಿಗ್ಗೆ ಮ್ಯಾನೇಜರು ಬಂದು, ಎರಡೂ ಕಡೆ ಬದುಕೋ ಮೀನಿಗೆ ಇಷ್ಟೊಂದು ಉಪಚಾರ ಯಾಕೆ ಎಂದು, ಒಮ್ಮೆಗೇ ನದಿ ನೀರಿಗೆ ಬಿಡಿಸಿದರು. ಮಧ್ಯಾಹ್ನದ ಹೊತ್ತಿಗೆ ಅದು ಮಗ್ಗುಲಾಗಿ ತಳ ಸೇರಿತು. ಟಾರ್ಪಾಲಿನಲ್ಲಿ ಸುತ್ತಿ ಹೊರಗೆ ಸಾಗಿಸಿದೆವು.

ಇದು ನಾನು ಬಾಯಿಪಾಠ ಮಾಡಿಕೊಂಡು ಬಂದ ಭಾಷಣದಲ್ಲಿ ಇರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಬಂದ ಮೇಲೆ ಉಳಿದದ್ದನ್ನು ನುಂಗುವುದು ಹೇಗೆ?

ಕಟ್ಟಡದ ಹಿಂದಿನ ಉಪ್ಪುನೀರಿನ ತೊಟ್ಟಿಯಲ್ಲಿ ಇನ್ನೊಂದು ಶಾರ್ಕ್ ಇದೆ. ಅದೇ ಉದ್ದ, ಅದೇ ಬೂದು ಬಣ್ಣ. ಆದರೆ ಜಾತಿ ಬೇರೆ. ಸಮುದ್ರ ಬಿಟ್ಟರೆ ಅದಕ್ಕೆ ಬದುಕೇ ಇಲ್ಲ. ಈಗ ಅದಕ್ಕೆ ಬಲೆ ಹಾಕುತ್ತಿದ್ದಾರೆ. ಅದನ್ನು ತಂದು ಇಲ್ಲಿಗೆ ಬಿಟ್ಟು, ಹಿಂಬಾಗಿಲಲ್ಲಿ ಮ್ಯಾನೇಜರು ಕೈ ಎತ್ತುವವರೆಗೆ ನಾನು ಮಾತಾಡುತ್ತಲೇ ಇರಬೇಕು. ಸಿಹಿನೀರಿನಲ್ಲಿ ಅದು ಸಾಯುತ್ತದೆ ಸರ್ ಎಂದು ಮ್ಯಾನೇಜರಿಗೆ ಹೇಳಿದೆ.

"ಸಾಯ್ಲಿ ಬಿಡಯ್ಯ. ಇವರೆಲ್ಲ ನೋಡಿ ರಾತ್ರಿ ಊಟಕ್ಕೆ ಎದ್ದು ಹೋಗೋವರೆಗೆ ಈಜಾಡಿದ್ರೆ ಸಾಕು. ಗಾಜಿನಾಚೆ ಇರೋದು ಯಾವ್ದು ಅಂತ ಯಾರಿಗೆ ಗೊತ್ತಾಗುತ್ತೆ?"

ಈ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ನನ್ನನ್ನು ಇಲ್ಲಿಗೆ ಕರೆಸಿಕೊಂಡವರು ನನ್ನ ಭಾವ, ಅಕ್ಕನ ಗಂಡ. ಪಂಪ್ ಮನೆಯಲ್ಲಿದ್ದರು. ಕಳೆದ ವರ್ಷ ಇದೇ ಸಮಾರಂಭದ ದಿನ, ನೀರಿಗಿಳಿದು ಮೀನಿಗೆ ತಿನ್ನಿಸುವವನು ಬರಲಿಲ್ಲ. ಭಾವನದೂ ಅವನದೇ ಎತ್ತರ. ಒಂದೇ ಸಲ ಕೆಳಗೆ ಹೋಗಿ ಮಕ್ಕಳಿಗೆ ಟಾಟಾ ಮಾಡಿ ಬಂದರಾಯಿತು, ಗಾಜಿನಾಚೆ ಇರೋದು ಯಾರು ಅಂತ ಯಾರಿಗೆ ಗೊತ್ತಾಗುತ್ತೆ ಎಂದು ಮ್ಯಾನೇಜರು ಅವರಿಗೆ ಅವನ ಮುಳುಗು ಉಡುಪು ತೊಡಿಸಿದರು. ಭಾವನಿಗೆ ಈಜು ಬರುತ್ತಿತ್ತು, ಬೆನ್ನಿಗೆ ಕಟ್ಟಿದ ಆ ಗಾಳಿಯ ಸಿಲಿಂಡರು ಗೊತ್ತಿರಲಿಲ್ಲ.

"ಫೋಟೋ ತೆಗಿಯೋ. ನಿಮ್ಮಕ್ಕ ನನ್ನನ್ನ ಹೀರೋ ಅಂತ ಒಪ್ಪೋದು ಇದೊಂದ್ಸಲಾನೇ," ಎಂದು ನಗುತ್ತಾ ಏಣಿ ಇಳಿದರು.

ಗಾಜಿನಾಚೆ ಅವರು ಎರಡೂ ಕೈ ಬೀಸಿದರು. ನಿಮ್ಮಲ್ಲಿ ಹಲವರು ಅವತ್ತೂ ಇದ್ದಿರಿ, ನೀವೂ ಬೀಸಿದಿರಿ. ಅದು ಉಸಿರು ಸಿಗದವನ ಕೈ ಎಂದು ನಿಮಗೆ ತಿಳಿಯುವುದಾದರೂ ಹೇಗೆ? ನಿಮ್ಮ ಚಪ್ಪಾಳೆ ನಿಲ್ಲುವ ಮೊದಲೇ ಆ ಕೈ ನಿಂತಿತು.

ಅಕ್ಕ ಈಗಲೂ ಫೋನಿನಲ್ಲಿ ಒಂದೇ ಮಾತು ಕೇಳುತ್ತಾಳೆ. "ಅಷ್ಟು ಜನ ಇದ್ರಲ್ಲೋ, ಒಬ್ರಿಗೂ ಗೊತ್ತಾಗ್ಲಿಲ್ವಾ?"

ಸಿಗ್ನಲ್ ಸರಿಯಿಲ್ಲ ಅಕ್ಕಾ ಎನ್ನುತ್ತೇನೆ.

ಸಾಕು ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ನನಗೂ ಬೇಕಾದದ್ದು ಅದೇ, ಸರ್. ಹಿಂಬಾಗಿಲಲ್ಲಿ ಇನ್ನೂ ಕೈ ಎದ್ದಿಲ್ಲ, ಅಂದರೆ ಆ ಮೀನು ಇನ್ನೂ ಉಪ್ಪುನೀರಿನಲ್ಲೇ ಇದೆ. ಕಾರ್ಯಕ್ರಮದಂತೆ ನಾನು ಬಾಯಿ ಮುಚ್ಚಿದ ಕೂಡಲೇ ತಾವು ಪರದೆ ಸರಿಸಬೇಕು. ಒಳಗೆ ಬರೀ ನೀರು. ಇಷ್ಟು ಜನ ಅದನ್ನು ಕಣ್ಣಾರೆ ಕಂಡ ಮೇಲೆ, ಅದರೊಳಗೆ ಮೀನು ತಂದು ಬಿಡಲು ಯಾರಿಗೂ ಮುಖವಿರುವುದಿಲ್ಲ. ನಾಳೆಯಿಂದ ನನಗೆ ಈ ಕೆಲಸವೂ ಇಲ್ಲ, ಕೆಲಸದ ಜೊತೆ ಕೊಟ್ಟ ಕೋಣೆಯೂ ಇಲ್ಲ.

ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದಿರಿ, ದೊಡ್ಡ ಉಪಕಾರ. ಮಕ್ಕಳು ಹೆದರಿದ್ದರೆ ಕ್ಷಮಿಸಿ. ಚಪ್ಪಾಳೆ ಬೇಡ, ಸರಿಯಾಗಿ ನೋಡಿ. ನಮಸ್ಕಾರ.