ಕೈ ಏಳದಿದ್ದ ಮೂರು ದಿನ

...ಅದು ಮುರಿದ ಕೈಯಲ್ಲ ಕಣೇ ಗೌರಿ, ನಾನು ಬಿದ್ದೂ ಇಲ್ಲ, ಏಟೂ ತಿಂದಿಲ್ಲ. ಅದು ತಾನಾಗೇ ಬತ್ತೈತೆ, ತಾನಾಗೇ ಹೋಗ್ತೈತೆ. ಈಗ ನೀನು ಹಿಂದಿನಿಂದ ನೋಡಿ "ಅಜ್ಜೀ, ನಿನ್ನ ಬೆನ್ನಲ್ಲಿ ಒಂದೇ ಒಂದು ರೆಕ್ಕೆ ಐತೆ" ಅಂದೆಯಲ್ಲ, ಅದು ಹೆಗಲ ಹಿಂದಿನ ಮೂಳೆ. ಅದನ್ನ ಹಿಡ್ಕೊಂಡಿರೋ ಮಾಂಸ ಸೊರಗೋಗೈತೆ, ಅದಕ್ಕೆ ಹಲಗೆ ಎದ್ದಂಗೆ ಎದ್ದು ನಿಂತೈತೆ. ನಗು, ನಗು, ನಾನೂ ಕನ್ನಡಿಯಲ್ಲಿ ನೋಡ್ಕೊಂಡು ನಕ್ಕಿದೀನಿ. ಶಿವ ಒಂದು ರೆಕ್ಕೆ ಕೊಟ್ಟು ಇನ್ನೊಂದು ಕೊಡೋದು ಮರೆತುಬುಟ್ಟ, ಅದಕ್ಕೇ ನಾನಿನ್ನೂ ಈ ಜಗಲಿ ಮೇಲೇ ಕೂತಿದೀನಿ. ಚಿಕ್ಕೋಳನ್ನ ಈ ಕಡೆ ಕೂರಿಸು, ಎಡಗಡೆ ಬ್ಯಾಡ, ಒರಗಿದ್ರೆ ನೋಯ್ತದೆ.

ಮೊದಲನೇ ಸಲ ಬಂದಾಗ ನಿಮ್ಮಪ್ಪ ಹೈಸ್ಕೂಲು. ಅಲ್ಲ, ತಡಿ, ಹೈಸ್ಕೂಲಲ್ಲ, ಇನ್ನೂ ಏಳನೇ ಕ್ಲಾಸು. ಆವಾಗ ಬಲಗೈಗೆ ಬಂತು. ನಾಕು ದಿನ ಜ್ವರ ಬಂದು ಬಿಡ್ತು, ಬಿಟ್ಟ ಮೇಲೆ ಒಂದಿನ ಬೆಳಗಿನ ಜಾವ ಕುತ್ತಿಗೆಯಿಂದ ಹೆಗಲಿಗೆ ಯಾರೋ ಕಾದ ಸರಳು ಇಳಿಸಿದಂಗಾಯ್ತು. ಮಲಗಕ್ಕಾಗಲ್ಲ, ಕೂರಕ್ಕಾಗಲ್ಲ, ಕೈಯನ್ನ ಮಗೀನ ಥರ ಎದೆಗವುಚಿಕೊಂಡು ಹಟ್ಟಿಯೊಳಗೆ ಓಡಾಡಿದ್ದೇ ಓಡಾಡಿದ್ದು. ಹತ್ತು ಹನ್ನೆರಡು ದಿನ ಆದ ಮೇಲೆ ಉರಿ ತಣ್ಣಗಾಯ್ತು. ಸದ್ಯ ಶಿವನೇ, ಕಾಪಾಡಿದೆ ಅಂತ ಎದ್ದು ನೋಡ್ತೀನಿ, ಕೈಯೇ ಇಲ್ಲ. ಐತೆ, ಆದ್ರೆ ಮಾತು ಕೇಳಲ್ಲ. ತಲೆ ಬಾಚಕ್ಕೆ ಎತ್ತಿದ್ರೆ ಕಿವಿ ಹತ್ರ ಬಂದು ನಿಂತುಬುಡ್ತದೆ. ಹೆಗಲು ಇಳಿದೈತೆ ಅಂತ ಎಣ್ಣೆ ತೀಡೋರ ಹತ್ರ ಕರಕೊಂಡೋದ್ರು, ಅವರು ಎಳೆದ್ರು, ನಾನು ಕೂಗಿದೆ, ಅಷ್ಟೇ ಆಗಿದ್ದು. ಮುದ್ದೆ ಕೋಲು ತಿರುವಕ್ಕಾಗದೆ ನಿಮ್ಮ ತಾತನೇ ತಿರುವೋರು. ಮೊದಲ ದಿನ ಮಾಡಿದ ಮುದ್ದೆ ನೋಡಿ ನಾನು "ಏನ್ರೀ, ಇದ್ರೊಳಗೆ ಇಷ್ಟು ಗಂಟು?" ಅಂದೆ. ಅವರು, "ನುಂಗೋ ಮುದ್ದೆ ಎಲ್ರೂ ಮಾಡ್ತಾರೆ ಕಣೇ, ನಾನು ಅಗಿಯೋ ಮುದ್ದೆ ಮಾಡಿದೀನಿ, ತಿನ್ನು" ಅಂದ್ರು. ಹಂಗೇ ಅಗಿದು ಅಗಿದು ಒಂದು ವರ್ಷ ಕಳೆದ್ವಿ, ಕೈ ಬಂತು. ಹೆಂಗೆ ಬಂತು ಅಂದ್ರೆ ನನಗೂ ಗೊತ್ತಿಲ್ಲ. ಒಂದಿನ ನೋಡ್ತೀನಿ, ದಾರದ ಮೇಲೆ ಒಗೆದ ಸೀರೆ ಹರವ್ತಾ ಇದೀನಿ.

ಎರಡನೇ ಸಲ ಬಂದಿದ್ದು ನಿಮ್ಮಮ್ಮ ಮದುವೆಯಾಗಿ ಬಂದ ಮೇಲೆ. ಈ ಸಲ ಎಡಗೈ. ಎಡಗೈಯಾದ್ರೆ ಏನು ಅಂತೀಯ, ಬಲಗೈ ಹೋದ್ರೆ ಮುದ್ದೆ ಹೋಯ್ತು, ಅಷ್ಟೇ. ಎಡಗೈ ನನ್ನದಲ್ಲ ಕಣಮ್ಮ, ಅದು ಲಿಂಗಯ್ಯನದು. ದಿನಾ ನೋಡ್ತೀಯಲ್ಲ, ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು, ಎದೆ ಮಟ್ಟಕ್ಕೆ ಎತ್ತಿ ಹಿಡಿದು ನೋಡ್ತಾ ಕೂರ್ತೀನಲ್ಲ. ನೋಡ್ತಾ ನೋಡ್ತಾ ಅದರ ಕಪ್ಪಿನೊಳಗೆ ಒಂದು ಬೆಳಕಿನ ಚುಕ್ಕಿ ಬತ್ತೈತೆ, ಆ ಚುಕ್ಕಿ ದೊಡ್ಡದಾಗ್ತದೆ, ಆಮೇಲೆ ಮನೆ ಇಲ್ಲ, ಬೀದಿ ಇಲ್ಲ, ಹಿಂದೂಪುರದ ಬಸ್ಸಿನ ಹಾರನ್ನು ಯಾವುದೋ ದೂರದ ಊರಲ್ಲಿ ಕೂಗಿದಂಗೆ ಕೇಳ್ತದೆ. ಅದಾದ ಮೇಲೇ ನನಗೆ ಕಾಫಿ, ಊಟ, ಎಲ್ಲಾ. ದೀಕ್ಷೆ ಆದ ದಿನದಿಂದ ಪೂಜೆ ಇಲ್ಲದೆ ಒಂದು ತುತ್ತು ಇಳಿಸಿದೋಳಲ್ಲ ನಾನು.

ಅದರ ಹೆಮ್ಮೆ ನನಗೆ ಜಾಸ್ತಿನೇ ಇತ್ತು, ಸುಳ್ಯಾಕೆ ಹೇಳಲಿ. ನಿಮ್ಮಮ್ಮ ಶೈಲಜಾ ವೈ.ಎನ್.ಹೊಸಕೋಟೆ ಕಡೆಯೋಳು, ಮಾತಿಗೆ ಎರಡು ತೆಲುಗು ಸೇರಿಸೋಳು. ಅವರ ಮನೇಲಿ ಪೂಜೆ ಇತ್ತು, ಆದ್ರೆ ಬೆಳಿಗ್ಗೆ ಎದ್ದು ಟೀ ಕುಡಿದು ಆಮೇಲೆ ಮಾಡೋರು. ಬಂದ ಹೊಸದ್ರಲ್ಲಿ ಒಂದಿನ ಪೂಜೆಗೆ ಮುಂಚೆ ಲೋಟ ಎತ್ತಿದ್ಲು. ನಾನು, "ನಮ್ಮನೇಲಿ ಮೊದಲು ಶಿವ, ಆಮೇಲೆ ಹೊಟ್ಟೆ. ನಿಮ್ಮ ಕಡೆ ಹೊಟ್ಟೆಯೇ ಶಿವನೇನಮ್ಮ?" ಅಂದುಬುಟ್ಟೆ. ಆ ಮಗಳು ಲೋಟ ಕೆಳಗಿಟ್ಟು, "ಅಲ್ಲ ಅತ್ತಮ್ಮ" ಅಂದ್ಲು. ಅಷ್ಟೇ. ಅವತ್ತಿಂದ ಅವಳೂ ಪೂಜೆಯಾಗದೆ ನೀರು ಕುಡೀತಿರಲಿಲ್ಲ, ನಾನು ತಿನ್ನದೆ ತಿಂತಿರಲಿಲ್ಲ.

ಅಂಥಾದ್ರಲ್ಲಿ ನನ್ನ ಎಡಗೈಗೆ ಬಂತು. ಉರಿ ಇದ್ದಷ್ಟು ದಿನ ಹೆಂಗೋ ಹಲ್ಲು ಕಚ್ಚಿ ಪೂಜೆ ಮಾಡಿದೆ. ಉರಿ ಹೋದ ಮಾರನೇ ದಿನ ಕೈ ಏಳಲಿಲ್ಲ. ಬಲಗೈಲಿ ಎಡಗೈ ಎತ್ತಿ ಮಂಡಿ ಮೇಲಿಟ್ಟುಕೊಂಡೆ, ದಿಂಬು ಕೊಟ್ಟೆ, ಲಿಂಗ ಇಟ್ಟೆ. ಒಂದು ಗಳಿಗೆ ನಿಂತಿತ್ತು, ಆಮೇಲೆ ಅಂಗೈ ವಾಲಿಕೊಂಡು ಲಿಂಗ ಜಾರಿ ನನ್ನ ಮಡಿಲಿಗೆ ಬಿತ್ತು. ನೆಲಕ್ಕೆ ಬೀಳಲಿಲ್ಲ, ಅದೇ ದೊಡ್ಡದು. ಆದ್ರೆ ನನ್ನ ಎದೆ ಒಡೆದೋಯ್ತು ಕಣಮ್ಮ. ಶಿವನಿಗೆ ನನ್ನ ಕೈ ಬ್ಯಾಡವಾಯ್ತು ಅಂದ್ಕೊಂಡೆ, ಸೊಸೆಗೆ ಆಡಿದ ಮಾತಿಗೇ ಹಿಂಗಾಯ್ತು ಅಂದ್ಕೊಂಡೆ. ಲಿಂಗ ಕರಡಿಗೆಗೆ ಹಾಕಿ, ಸೆರಗು ಹೊದ್ದು ಕೈ ಮುಚ್ಚಿಕೊಂಡು ಆಚೆ ಬಂದೆ. ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟೋ ಹಂಗಿಲ್ಲ, ಹಿಡ್ಕೊಳ್ಳಿ ಅಂತ ಯಾರನ್ನ ಕೇಳಲಿ? ಕೇಳಿದ್ರೂ ಆ ಸೊಸೆ ಮುಂದೆ ಯಾವ ಮುಖ ಇಟ್ಕೊಂಡು ಕೇಳಲಿ? ಅವಳು ತಟ್ಟೆ ಇಟ್ಟಳು. "ನನಗೆ ಬ್ಯಾಡ ಕಣಮ್ಮ, ಹರಕೆ ಉಪವಾಸ ಹಿಡಿದೀನಿ" ಅಂದೆ. ಬಾಯಿಗೆ ಬಂದ ಸುಳ್ಳು. ಅವಳು ನನ್ನ ಮುಖ ನೋಡಿದ್ಲು, ತನ್ನ ಹೊಟ್ಟೆ ನೋಡಿಕೊಂಡ್ಲು, ತಟ್ಟೆ ಎತ್ತಿ ಒಳಗಿಟ್ಟಳು. ಐದು ತಿಂಗಳು ಆವಾಗ. ನೀನೇ ಒಳಗಿದ್ದಿದ್ದು.

ಆ ದಿನ, ಮಾರನೇ ದಿನ, ಬರೀ ಹಸಿವಲ್ಲ ಅದು, ಒಂಥರಾ ತೇಲಿದಂಗೆ. ನಿಮ್ಮಪ್ಪ ರಾಯಚರ್ಲು ಕಡೆ ಸೋಲಾರ್ ಕೆಲಸಕ್ಕೆ ಹೋದೋನು ಶನಿವಾರಕ್ಕೇ ಬರೋದು. ನಿಮ್ಮ ತಾತ ಅಂಗಡಿಗೋದ್ರೆ ಊಟ ಅಲ್ಲೇ ತರಿಸಿಕೊಳ್ಳೋರು, ಮನೇಲಿ ಯಾರು ತಿಂದ್ರು, ಯಾರು ಬಿಟ್ರು ಅವರಿಗೇನು ಗೊತ್ತು? ಮಧ್ಯಾಹ್ನ ಗೋಡೆಗೊರಗಿ ಕಣ್ಣು ಮುಚ್ಚಿದ್ರೆ ಮಧುಗಿರಿ ಬೆಟ್ಟ ಇದ್ದಷ್ಟೂ ನನ್ನ ಅಂಗೈ ಮೇಲೆ ಕೂತೈತೆ. ಅಷ್ಟು ದೊಡ್ಡ ಬಂಡೆ, ಹೂವಿನಷ್ಟು ಹಗುರ, ಸುತ್ತ ಮಂಜು. ಕೆಳಗೆ ಊರು, ಊರಿನ ದೀಪ. ನನ್ನ ಕೈ ಮಾತ್ರ ನಡುಗ್ತೈತೆ. ಬಿಟ್ರೆ ಊರು ಉಳಿಯಲ್ಲ, ಶಿವನೇ, ನೀನೇ ಇಳಿಸಿಕೋ, ನೀನೇ ಇಳಿಸಿಕೋ ಅಂತಿದ್ದೆ. ಕಣ್ಣು ಬಿಟ್ರೆ ಶೈಲಜಾ ಎದುರಿಗೆ ಕೂತು ಸೊಪ್ಪು ಬಿಡಿಸ್ತಾ ಇದ್ಲು. ಸೊಪ್ಪು ಬಿಡಿಸೋಳು ತಾನು ತಿಂದ್ಲಾ ಅಂತ ನಾನು ಯೋಚನೆ ಮಾಡಲಿಲ್ಲ ನೋಡು. ತನ್ನ ನೋವು ಹಿಡಿದೋರಿಗೆ ಬೇರೆಯೋರ ತಟ್ಟೆ ಕಾಣಲ್ಲ.

ಮೂರನೇ ದಿನ ಬೆಳಿಗ್ಗೆ ಅವಳು ಬಾಗಿಲಿಗೆ ನೀರು ಹಾಕ್ತಾ ಇದ್ಲು. ಬಿಂದಿಗೆ ಉರುಳಿದ ಸದ್ದು ಕೇಳಿ ಬಂದು ನೋಡ್ತೀನಿ, ಅಂಗಳದಲ್ಲಿ ಕುಸಿದು ಕೂತವ್ಳೆ, ತುಟಿಯೆಲ್ಲಾ ಬಿಳೀ ಸುಣ್ಣ. ಓಡಿಹೋಗಿ ಎತ್ತಕ್ಕೆ ನೋಡಿದೆ. ಬಲಗೈ ಅವಳ ಕಂಕುಳಿಗೆ ಹೋಯ್ತು, ಎಡಗೈ ಸೆರಗಿನಿಂದ ಜಾರಿ ಸುಮ್ಮನೆ ನೇತಾಡ್ತು. ಅಂಥಾ ಹೊತ್ತಲ್ಲೂ ಅವಳು ಅದನ್ನೇ ನೋಡಿದ್ಲು.

"ಅತ್ತಮ್ಮ, ನಿಮ್ಮ ಕೈಗೇಮಾಯ್ತು?"

"ನನ್ನ ಕೈ ಸುಡಲಿ, ನಿಂಗೇನಾಯ್ತು? ಏನು ತಿಂದೆ ರಾತ್ರಿ?"

"ನೀವು ಉಪವಾಸ ಇದೀರಲ್ಲ, ನಾನೂ ಇದೀನಿ. ಈ ಮಗೀಗೋಸ್ಕರ ತಾನೇ ನೀವು ಹರಕೆ ಹಿಡಿದಿರೋದು? ನಾನು ತಿಂದ್ರೆ ಫಲ ಬರ್ತದಾ?"

ಆ ಮಾತು ಕೇಳಿ ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬುಟ್ಟೆ. ಯಾವ ಹರಕೆ? ಯಾವ ಫಲ? ನನ್ನ ನಾಚಿಕೆಗೆ ಶಿವನ ಹೆಸರು ಕೊಟ್ಟಿದ್ದೆ, ಅದನ್ನ ನಂಬಿಕೊಂಡು ಹೊಟ್ಟೇಲಿ ಕೂಸಿಟ್ಟುಕೊಂಡೋಳು ಮೂರು ದಿನ ಬರೀ ಹೊಟ್ಟೇಲಿದ್ಲು. ಒಳಗೋಗಿ ಒಂಟಿ ಕೈಯಲ್ಲೇ ಹಾಲು ಬೆಲ್ಲ ಕಲಸಿ ತಂದು ಬಾಯಿಗಿಟ್ಟೆ. ಅವಳು ಮುಖ ತಿರುಗಿಸಿ, "ಇನ್ನೂ ಪೂಜೆ ಆಗಿಲ್ಲ ಅತ್ತಮ್ಮ" ಅಂದ್ಲು.

"ನನ್ನ ಮಾತು ಕೇಳಿದ್ದು ಸಾಕು ಕಣಮ್ಮ, ಕುಡಿ. ಹರಕೆ ಇಲ್ಲ, ಏನೂ ಇಲ್ಲ. ಕೈ ಏಳ್ತಿಲ್ಲ, ಲಿಂಗ ಜಾರಿಬುಡ್ತು, ಹೇಳಕ್ಕೆ ನಾಚಿಕೆಯಾಗಿ ಸುಳ್ಳು ಹೇಳ್ದೆ."

ಅವಳು ಕುಡಿದ್ಲು. ಪೂರ್ತಿ ಕುಡಿದ್ಲು. ಬಯ್ತಾಳೆ ಅಂದ್ಕೊಂಡೆ. ಲೋಟ ಕೆಳಗಿಟ್ಟು, "ಹೊಟ್ಟೆಯೇ ಶಿವನೇನಮ್ಮ ಅಂತ ಅವತ್ತು ನನ್ನ ಬಯ್ದಿರಿ, ಈಗ ನೀವೇ ಹಾಲು ಕುಡಿಸಿದ್ರಿ" ಅಂತ ನಕ್ಕಳು. ಆಮೇಲೆ, "ಏಳಿ, ಸ್ನಾನ ಮಾಡಿ" ಅಂದ್ಲು.

"ಮಾಡಿ ಏನು ಮಾಡಲೇ? ನನ್ನ ಲಿಂಗ ನೀನು ಮುಟ್ಟಂಗಿಲ್ಲ."

"ಲಿಂಗ ಯಾರು ಮುಟ್ತಾರೆ? ನಿಮ್ಮ ಕೈ ಮುಟ್ತೀನಿ."

ಎದುರಿಗೆ ಕೂತು, ನನ್ನ ಎಡಗೈ ಕೆಳಗೆ ತನ್ನ ಎರಡು ಅಂಗೈ ಜೋಡಿಸಿ ಎದೆ ಮಟ್ಟಕ್ಕೆ ಎತ್ತಿದ್ಲು. ನಾನು ವಿಭೂತಿ ಇಟ್ಟೆ, ಲಿಂಗ ಇಟ್ಟೆ, ಪತ್ರೆ ಏರಿಸಿದೆ. ಅವಳ ಕೈ ಬೆಚ್ಚಗಿತ್ತು. ನೋಡ್ತಾ ನೋಡ್ತಾ ಆ ಬೆಳಕಿನ ಚುಕ್ಕಿ ಬಂತು, ದೊಡ್ಡದಾಯ್ತು, ಯಾವುದು ನನ್ನ ಕೈ, ಯಾವುದು ಅವಳ ಕೈ ಅಂತ ಗೊತ್ತಾಗದಂಗೆ ಆಯ್ತು. ಅಷ್ಟು ವರ್ಷ ಒಬ್ಬಳೇ ಕೂತು ಮಾಡಿದ ಪೂಜೇಲೂ ನನಗೆ ಅಂಥಾ ಸಮಾಧಾನ ಸಿಕ್ಕಿರಲಿಲ್ಲ.

ಅವತ್ತೇ ನಿಮ್ಮ ತಾತ ಇಬ್ಬರನ್ನೂ ಮಧುಗಿರಿಗೆ ಕರಕೊಂಡೋದ್ರು. ಕೂಸು ಚೆನ್ನಾಗೈತೆ ಅಂದ್ರು. ನನ್ನ ಹೆಗಲು ನೋಡಿದ ಡಾಕ್ಟ್ರಮ್ಮ, "ಇದು ನರದ ಬೇನೆ ಅಮ್ಮ, ಮೊದಲು ನೋವು, ಆಮೇಲೆ ಕೈಯ ಬಲ ಹೋಗ್ತದೆ. ನಿಧಾನಕ್ಕೆ ಬರ್ತದೆ, ಮತ್ತೆ ಬಂದ್ರೂ ಬರಬಹುದು. ಯಾರ ಪಾಪಾನೂ ಅಲ್ಲ" ಅಂದ್ರು. ಹತ್ತು ತಿಂಗಳು ನಿಮ್ಮಮ್ಮ ದಿನಾ ನನ್ನ ಕೈ ಕೆಳಗೆ ಕೈ ಕೊಟ್ಟಳು, ನೀನು ಹುಟ್ಟಿದ ಮೇಲೆ ನಿನ್ನನ್ನ ತೊಡೆ ಮೇಲೆ ಹಾಕ್ಕೊಂಡು ಕೊಟ್ಟಳು. ಈ ಸಲ ಬಂದಿರೋದು ಮೂರನೇದು, ಮತ್ತೆ ಎಡಗಡೆಗೇ, ಆದ್ರೆ ಎದೆ ಮಟ್ಟಕ್ಕೆ ಕೈ ಏಳ್ತೈತೆ, ಪೂಜೆಗೆ ಅಷ್ಟು ಸಾಕು. ಹೋದ್ರೆ ಹೋಗ್ತದೆ, ಇದ್ರೆ ಇರ್ತದೆ, ಶಿವನಿಗೆ ಬಿಟ್ಟಿದೀನಿ.

ಅದಕ್ಕೇ ಹೇಳೋದು ಕಣ್ರೇ, ಕೈ ಸೋತ್ರೆ ಕೈ ಸೋತೈತೆ ಅನ್ನಿ, ದೇವರ ಹೆಸರು ಹೇಳಿ ಮುಚ್ಚಿಡಬ್ಯಾಡಿ. ನಿಮ್ಮ ಸುಳ್ಳಿಗೆ ಮನೇಲಿ ಇನ್ಯಾರೋ ಹಸಕೊಂಡು ಕೂತಿರ್ತಾರೆ. ಏಳಿ ಈಗ, ಮುದ್ದೆ ಆರೋಗ್ತದೆ.