ಸುಡೋಕೆ ಬಂದ ನಾವಿಕ

ದೀಪ ಸ್ವಲ್ಪ ಸಣ್ಣ ಮಾಡ್ರೋ. ಇದು ನಮ್ಮ ದೊಡ್ಡಪ್ಪನ ಮಗಳು ಮಸಾಯೊ ಅಕ್ಕನಿಗೆ ಆಗಿದ್ದು, ಇದೇ ಕುರೆ ಬಂದರಿನಲ್ಲಿ. ಬಿಳಿ ಬಟ್ಟೆ ಹೊದ್ದು ಊರನ್ನೆಲ್ಲ ಹೆದರಿಸೋನು ನಾನೇ, ಒಪ್ಪಿದೆ. ಆದ್ರೆ ಆ ರಾತ್ರಿ ನಾನು ಜ್ವರ ಬಂದು ಮಲಗಿದ್ದೆ, ಬೇಕಾದ್ರೆ ಅಮ್ಮನ್ನ ಕೇಳಿ.

ಅಕ್ಕ ನೌಕಾದಳದ ಹಳೇ ದಾಖಲೆ ಇಡೋ ಕಚೇರೀಲಿ ಇದಾಳೆ. ನಮ್ಮ ದೇಶ ಯುದ್ಧ ಸೋತಾಗ ಕಾಗದ ಎಲ್ಲ ಸುಡಿ ಅಂತ ಆಜ್ಞೆ ಬಂದಿತ್ತಲ್ಲ, ಆಗ ಒಂದೇ ಒಂದು ಕಟ್ಟನ್ನ ಯಾರೋ ಅಂಗಳದ ಬತ್ತಿದ ಬಾವಿಗೆ ಇಳಿಬಿಟ್ಟು ಉಳಿಸಿದ್ರು. ಮುಳುಗಿದ ಒಂದು ಹಡಗಿನಲ್ಲಿ ಸತ್ತವರ ಹೆಸರು ಅದರಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ನಾನು ಹೇಳ್ತಿರೋ ರಾತ್ರಿಯ ಮಾರನೇ ದಿನ ಸವಾ ಅಜ್ಜಿ ಅನ್ನೋರು ದ್ವೀಪದಿಂದ ದೋಣಿ ಹತ್ತಿ ಬರೋರಿದ್ರು, ತಮ್ಮ ಅಣ್ಣನ ಹೆಸರು ನೋಡೋಕೆ.

ಅಕ್ಕ ಬೀಗ ಹಾಕಿ ಆ ಬಾವಿ ದಾಟ್ತಿದ್ಲು. ಹಿಂದೆ ಜಲ್ಲಿ ಮೇಲೆ ಸದ್ದು. ಜರಕ್... ಜರಕ್... ನಿಂತ್ಲು. ಅದೂ ನಿಂತಿತು. ಹಿಮ್ಮಡಿ ಕೂಡಿದ ಸದ್ದು... ಟಕ್.

ತಿರುಗಿದ್ರೆ ಒಬ್ಬ ನಾವಿಕ. ಮೀಸೆ ಚಿಗುರದ ಮುಖ. ಇಕ್ಕಟ್ಟಿನ ಹಡಗಲ್ಲಿ ಮಾಡೋ ಹಾಗೆ ಮೊಣಕೈ ಮೈಗೊತ್ತಿ ಸಲಾಮು ಹೊಡೆದ.

"ಆಜ್ಞೆ," ಅಂತ ಪಿಸುಗುಟ್ಟಿದ. "ಉಳಿದ ಕಟ್ಟು ಸುಡಬೇಕು."

ನಮ್ಮೂರ ಚಟ ಗೊತ್ತಲ್ಲ. ಎರಡು ಬಟ್ಟಲು ಉದೋನ್ ಅಂದ್ರೆ, ಶ್ಯಾವಿಗೆ ಅಂಗಡಿಯವನು "ಎರಡು ಬಟ್ಟಲು ಉದೋನ್!" ಅಂತ ಕೂಗಿದ ಮೇಲೇ ಸೌಟು ಮುಟ್ಟೋದು. ನೌಕಾದಳ ಕಲಿಸಿದ್ದು. ಆಜ್ಞೆ ತಿರುಗಿ ಹೇಳಿದ್ಯೋ, ಒಪ್ಪಿಕೊಂಡೆ ಅಂತ. ಹಿಂದಿನ ವರ್ಷ ಕಾವಲಿನ ಗೊಂಜಿ ಮಾವ ಇದೇ ನಾವಿಕನಿಗೆ ನಿದ್ದೆಗಣ್ಣಲ್ಲಿ "ಸುಡಬೇಕು, ಸ್ವಾಮಿ!" ಅಂದುಬಿಟ್ಟಿದ್ದ. ಬೆಳಿಗ್ಗೆ ದಾಖಲೆ ಕೋಣೆ ಬಾಗಿಲಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ, ಸುತ್ತ ಗೀರಿದ ಬೆಂಕಿಕಡ್ಡಿ. ಬೀಗ ಗಟ್ಟಿ ಇತ್ತು, ಕಟ್ಟು ಉಳೀತು.

ಅಕ್ಕನ ನಾಲಿಗೆ ತುದಿಗೂ ಬಂತು ಆ ಮಾತು. ತುಟಿ ಕಚ್ಚಿಕೊಂಡ್ಲು.

"ತಿರುಗಿ ಹೇಳಿ."

"ಹೇಳಲ್ಲ."

"ಆಜ್ಞೆ..."

"ಯಾರದ್ದೋ? ಕೊಟ್ಟೋನು ಸತ್ತ, ತಂದ ನೀನೂ ಸತ್ತೆ. ಕಾಯ್ತಿರೋ ಅಜ್ಜಿ ಇನ್ನೂ ಬದುಕಿದಾರೆ. ಸುಡಲ್ಲ, ಹೋಗೋ!"

ಅವನು ಮುಂದೆ ಬಂದ. ಜರಕ್. ಅಕ್ಕನ ಸೊಂಟದ ಬೀಗದ ಕೈಗಳು ತಾವಾಗೇ ಅಲ್ಲಾಡಿದ್ವು... ಛಿಲ್, ಛಿಲ್... ಅಕ್ಕ ಎದೆ ಸೆಟೆಸಿ ಅಧಿಕಾರಿ ದನಿ ತೆಗೆದ್ಲು.

"ನಾವಿಕ! ಹೊಸ ಆಜ್ಞೆ! ಆ ಕಟ್ಟು ಕಾಯಬೇಕು!"

ಚಟ ಸತ್ತವರನ್ನೂ ಬಿಡಲ್ಲ, ಕಣ್ರೋ. ಟಕ್!

"ಆ ಕಟ್ಟು ಕಾಯಬೇಕು!" ಅಂದೇಬಿಟ್ಟ.

ಆಮೇಲೆ ಅಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ಸವಾ ಅಜ್ಜಿ ಬಂದ್ರು. ಹೆಸರಿನ ಮೇಲೆ ಕೈಯಿಟ್ಟು, "ಇಲ್ಲಿದೀಯಾ ಅಣ್ಣಾ? ಮನೆ ದಾರಿ ಮರೆತ್ಯಾ?" ಅಂತ ಬೈದು ಬೈದು ಅತ್ರು.

ನಗ್ರೋ, ನಗ್ರಿ. ನಡೆದಿದ್ದು ನಡೆದಿದ್ದೇ. ಈಗಲೂ ಕೆಲವು ಬೆಳಿಗ್ಗೆ ಆ ಕಟ್ಟು ಇಟ್ಟಿರೋ ಕಪಾಟಿನ ಮುಂದೆ ಎರಡು ಒದ್ದೆ ಪಾದದ ಗುರುತು ಇರುತ್ತೆ, ಹಿಮ್ಮಡಿ ಕೂಡಿಸಿಕೊಂಡು. ಬಂದ ಹೆಜ್ಜೆ ಇಲ್ಲ, ಹೋದ ಹೆಜ್ಜೆ ಇಲ್ಲ. ಕಳೆದ ವಾರ ಒರೆಸಿದೋನು ನಾನೇ. ಬೆರಳು ನೆಕ್ಕಿ ನೋಡಿದೆ.

ಉಪ್ಪು.